ಗುಳೆಯನ್ನು ಅಧ್ಯಯನ ಮಾಡುವುದು ಹೇಗೆ: ಎಣಿಸಬೇಕಾದದ್ದು, ಕೇಳಬೇಕಾದದ್ದು

ಸಂಶೋಧನೆಯ ವಿಧಾನವನ್ನು ಆರಿಸುವ ಮೊದಲು ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳಿಗೆ ಗುಳೆ ಹೋಗುವ, ಅಂದರೆ ಕೂಲಿ ಹುಡುಕಿಕೊಂಡು ಕೆಲವು ತಿಂಗಳು ಊರು ಬಿಡುವ ಕುಟುಂಬಗಳೇ ವಿಷಯವೆಂದು ಇಟ್ಟುಕೊಳ್ಳೋಣ. ಒಂದು ತಾಲ್ಲೂಕಿನಲ್ಲಿ ನೂರಕ್ಕೆ ಎಷ್ಟು ಕುಟುಂಬಗಳು ಹೋಗುತ್ತವೆ, ನೀರಾವರಿ ಇರುವ ಊರುಗಳಲ್ಲಿ ಆ ಪ್ರಮಾಣ ಕಡಿಮೆಯೇ ಎಂಬುದು ಪರಿಮಾಣಾತ್ಮಕ, ಅಂದರೆ ಎಣಿಸಿ ಉತ್ತರಿಸುವ ಪ್ರಶ್ನೆ. ಮನೆಯಲ್ಲಿ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬ ತೀರ್ಮಾನ ಹೇಗಾಗುತ್ತದೆ ಎಂಬುದು ಗುಣಾತ್ಮಕ, ಅಂದರೆ ಕೇಳಿ ತಿಳಿಯಬೇಕಾದ ಪ್ರಶ್ನೆ.

ಮೊದಲನೆಯದಕ್ಕೆ ಕುಟುಂಬಗಳ ಪೂರ್ಣ ಪಟ್ಟಿ ಬೇಕು. ಅದರಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮಾದರಿಯನ್ನು ಆಯ್ದುಕೊಳ್ಳಬೇಕು. ಶೇ 95ರ ವಿಶ್ವಾಸಮಟ್ಟದಲ್ಲಿ (ಹೀಗೆ ನೂರು ಸಲ ಮಾದರಿ ಎತ್ತಿದರೆ ಸುಮಾರು 95 ಸಲ ಅಂದಾಜು ಆ ಮಿತಿಯೊಳಗೇ ಬರುವಂತೆ) ಶೇ 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಂಡರೆ ಸುಮಾರು 385 ಕುಟುಂಬಗಳು ಸಾಕು. ಆದರೆ ಮೊದಲು ಊರುಗಳನ್ನು ಆರಿಸಿ, ಆಮೇಲೆ ಅಲ್ಲಿಯ ಮನೆಗಳನ್ನು ಆರಿಸುವುದಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ನಮ್ಮ ಭಾಗದಲ್ಲಿ ಮಾದರಿಯ ಗಾತ್ರಕ್ಕಿಂತ ಸಮೀಕ್ಷೆಯ ಕಾಲವೇ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಬೇಸಿಗೆಯಲ್ಲಿ ಊರಿಗೆ ಹೋದರೆ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಯವರಿಂದ ಪ್ರಶ್ನಾವಳಿ ತುಂಬಿಸಿಕೊಂಡರೆ, ಯಾರನ್ನು ಎಣಿಸಲು ಹೊರಟಿದ್ದೆವೋ ಅವರೇ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಆದ್ದರಿಂದ ಜನ ಮುಂಗಾರು ಬಿತ್ತನೆಗೆ ಮರಳುವವರೆಗೆ ಕಾಯಬೇಕು, ಇಲ್ಲವೇ ಬೀಗವನ್ನೂ ಒಂದು ಮಾಹಿತಿಯಾಗಿ ದಾಖಲಿಸಿಕೊಂಡು ಆ ಮನೆಗೆ ಮತ್ತೆ ಹೋಗಬೇಕು.

ಅಂಕಿಗಳ ಶಕ್ತಿಗೆ ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಒಳ್ಳೆಯ ಉದಾಹರಣೆ. 35 ಸೂಚಕಗಳನ್ನು ಒಂದೇ ಸೂಚ್ಯಂಕಕ್ಕೆ ಇಳಿಸಿ ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಪ್ರದೇಶಗಳ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ಬೇರಾವ ವಿಧಾನವೂ ತೋರಿಸಲಾರದು. ಆದರೆ ಆ ತಾಲ್ಲೂಕುಗಳ ಒಂದು ಮನೆಯೊಳಗೆ ನಡೆಯುವ ಲೆಕ್ಕಾಚಾರ ಸೂಚ್ಯಂಕದಲ್ಲಿ ಕಾಣುವುದಿಲ್ಲ.

ಅದಕ್ಕೆ ಆಳವಾದ ಸಂದರ್ಶನವೇ ಆಗಬೇಕು. ಇಲ್ಲಿ ಮಾದರಿಯನ್ನು ಉದ್ದೇಶಪೂರ್ವಕವಾಗಿಯೇ ಆರಿಸುತ್ತೇವೆ: ಹೋದವರು, ಮೊದಲು ಹೋಗುತ್ತಿದ್ದು ಈಗ ಬಿಟ್ಟವರು, ಹೋಗದೆ ಉಳಿದ ಹಿರಿಯರು. ಮುಂಗಡ ಕೊಟ್ಟು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಎದುರಿನಲ್ಲಿ ಯಾರನ್ನೂ ಮಾತನಾಡಿಸಬಾರದು. ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಕೇಳಬೇಕು. ಉತ್ತರ ದಖನಿಯಲ್ಲಿರಲಿ, ಲಂಬಾಣಿಯಲ್ಲಿರಲಿ, ಕಲಬುರಗಿ ಕನ್ನಡದಲ್ಲಿರಲಿ, ಆಡಿದ ಮಾತನ್ನು ಹಾಗೆಯೇ ಬರೆದುಕೊಂಡು, ಅನಂತರ ಸಾಲ, ಮುಂಗಡ, ಮಕ್ಕಳ ಶಾಲೆ ಎಂಬಂತೆ ಸಂಕೇತಗಳನ್ನು ಕೊಡುತ್ತ ವಿಂಗಡಿಸಬೇಕು. ಹೊಸ ಸಂಗತಿ ಬರುವುದು ನಿಂತಾಗ ಸಂದರ್ಶನಗಳನ್ನು ನಿಲ್ಲಿಸಬಹುದು. ಹನ್ನೆರಡು ಜನರನ್ನು ಮಾತನಾಡಿಸಿ 'ಶೇ 58ರಷ್ಟು ಜನರ ಅಭಿಪ್ರಾಯ' ಎಂದು ಬರೆಯುವುದು ಮಾತ್ರ ಬೇಡ. ಪ್ರಬಂಧಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇವೆ.

ಎರಡನ್ನೂ ಕೂಡಿಸುವುದಾದರೆ ಕ್ರಮ ಮುಖ್ಯ. ಪ್ರಶ್ನಾವಳಿಯಲ್ಲಿ ಕಾರಣಗಳ ಪಟ್ಟಿಯನ್ನು ನಾವೇ ಊಹಿಸಿ ಕೊಟ್ಟರೆ ಉತ್ತರಗಳೂ ನಮ್ಮ ಊಹೆಯೊಳಗೇ ಬೀಳುತ್ತವೆ. ಮೊದಲು ಕೆಲವರೊಡನೆ ಮಾತನಾಡಿ, ಅವರ ಮಾತಿನಿಂದಲೇ ಆ ಪಟ್ಟಿಯನ್ನು ಕಟ್ಟುವುದು ಮೇಲು. ಸಮೀಕ್ಷೆಯಾದ ಮೇಲೆ, ಕೃಷ್ಣಾ ಕಾಲುವೆಯ ನೀರು ಹರಿಯುವ ಶಹಾಪುರ ತಾಲ್ಲೂಕಿನ ಊರೊಂದರಲ್ಲಿಯೂ ಗುಳೆ ಹೆಚ್ಚೆಂದು ಕಂಡುಬಂದರೆ, ಮುಂದಿನ ಸಂದರ್ಶನಗಳನ್ನು ಆ ಊರಿನಲ್ಲೇ ಮಾಡಬೇಕು.