ಮಳೆಗಾಲ ಮುಗಿದ ಮೇಲೆ ಅಪ್ಪನ ಡೆಕ್ ಹಚ್ಚುವ ಮುಂಚೆ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಇಲ್ಲೇ ಅಪ್ಪನ ಸೋನೋಡೈನ್ ಕಂಪನಿಯ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್ ಇನ್ನೂ ಹಾಡುತ್ತಿವೆ. ದಸರಾ ಮುಗಿದ ವಾರ ಇವನ್ನೆಲ್ಲ ಒಣಗಿಸಿ ಒರೆಸುವ, ಅಪ್ಪ ಮಾಡುತ್ತಿದ್ದ ಕೆಲಸ ಈಗ ನನ್ನದು.

ಮಳೆ ನಿಂತ ಖುಷಿಗೆ ತಕ್ಷಣ ಸ್ವಿಚ್ ಹಾಕಬೇಡಿ. ಪ್ಲಗ್ ತೆಗೆದೇ ಇಟ್ಟು, ನೆರಳಲ್ಲಿ ಫ್ಯಾನಿನ ಕೆಳಗೆ ಎರಡು ಮೂರು ದಿನ ಬಿಡಿ. ಬಿಸಿಲಿಗೆ ಮಾತ್ರ ಬೇಡ, ರೆಕಾರ್ಡು ಸೊಟ್ಟಗಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಗಾಳಿ ಹೋಗುವ ಸಂದಿಗಳಲ್ಲಿ ನೋಡಿ. ಒಂದು ವರ್ಷ ನಮ್ಮ ಆಂಪ್ಲಿಫೈಯರಿನಲ್ಲಿ ಇರುವೆ ಗೂಡು ಕಟ್ಟಿತ್ತು. ಮುಚ್ಚಳ ತೆಗೆಯುವುದಾದರೆ ಗೊತ್ತಿದ್ದವರ ಹತ್ತಿರವೇ ತೆಗೆಸಿ. ಪ್ಲಗ್ ತೆಗೆದರೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.

ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದಾ? ಆಫ್ ಇರುವಾಗಲೇ ಆ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್, ಅಂದರೆ ಗುಂಡಿಯ ಒಳಗೆ ಹೊಡೆಯುವ ಸ್ಪ್ರೇ ಬೇಕು. ತೆಂಗಿನೆಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬಿಡಬೇಡಿ, ಧೂಳು ಸೇರಿ ಜಿಡ್ಡು ಕಟ್ಟುತ್ತದೆ.

ನನಗೆ ಜಾಸ್ತಿ ಹೇಳಬೇಕಿರುವುದು ಕ್ಯಾಸೆಟ್ ಬಗ್ಗೆ. ಕಿಟಕಿಯ ಬೆಳಕಿಗೆ ಹಿಡಿದು ಟೇಪಿನ ಸುರುಳಿ ನೋಡಿ. ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಪ್ಪನ ಹತ್ತಿರ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ್ಯಗಳ ಕ್ಯಾಸೆಟ್ ಒಂದಿತ್ತು. 1990ರಲ್ಲಿ ನಾವಡರು ತೀರಿಕೊಂಡ ಮೇಲೆ ಅಪ್ಪ ಅದನ್ನು ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ನಾನು ನೋಡದೆ ಅದನ್ನೇ ಹಾಕಿದೆ. ಬೂಷ್ಟು ಡೆಕ್ಕಿನಲ್ಲಿ ಟೇಪು ತಾಗಿಕೊಂಡು ಹೋಗುವ ಹೆಡ್ಡಿಗೆ ಅಂಟಿತು, ಅಲ್ಲಿಂದ ಮುಂದಿನ ಮೂರು ಕ್ಯಾಸೆಟ್‌ಗಳಿಗೂ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೂಷ್ಟು ಹಿಡಿದದ್ದನ್ನು ಬೇರೆ ಇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೋದರೂ ಪರವಾಗಿಲ್ಲ ಅನ್ನುವ ಹಳೇ ಟೇಪ್‌ರೆಕಾರ್ಡರಿನಲ್ಲಿ ಹಿಂದಕ್ಕೂ ಮುಂದಕ್ಕೂ ಸುತ್ತಿಸಿ, ಪುಡಿ ಉದುರುತ್ತದೆ. ಮೂಲೆಗೆ ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿಗಳನ್ನು ಶುಚಿಯಾದ ಬೇರೆ ಡಬ್ಬಿಗೆ ಹಾಕಬಹುದು. ತೊಂಬತ್ತು ನಿಮಿಷದ ಸಿ-90 ಟೇಪು ಅರವತ್ತು ನಿಮಿಷದ ಸಿ-60ಕ್ಕಿಂತ ತೆಳು, ಎಳೆಯಬೇಡಿ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಇಯರ್ ಬಡ್ಸಿನಿಂದ ಒರೆಸಿ, ಬಡ್ಸ್ ಬಿಳಿಯಾಗಿ ಬರುವ ತನಕ. ರಬ್ಬರ್ ಚಕ್ರಕ್ಕೆ ಸೋಪಿನ ನೀರಿನ ಒದ್ದೆ ಬಟ್ಟೆ ಸಾಕು.

ಎಲ್‌ಪಿಗೆ ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಷ್ಷು. ಲೇಬಲ್ ನೆನೆಯಬಾರದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ರೆಕಾರ್ಡಿಗೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ, ಕರಗಿಬಿಡುತ್ತದೆ. ಒಣಗಿದ ಮೇಲೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ.

ಮುಂದಿನ ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಆಂಪ್ಲಿಫೈಯರ್ ಹಚ್ಚಿಡಿ. ಅದರ ಬಿಸಿಗೇ ತೇವ ಹೋಗುತ್ತದೆ. ಗುಡುಗು ಬಂದರೆ ಮಾತ್ರ ಪ್ಲಗ್ ಕೀಳಬೇಕು.

ನಾವಡರ ಕ್ಯಾಸೆಟ್ ಈಗ ಹೊಸ ಡಬ್ಬಿಯಲ್ಲಿದೆ. ಎಲ್ಲಾ ಒರೆಸಿ ಮುಗಿಸಿದ ದಿನ ಮೊದಲು ಹಾಕುವುದು ಅದನ್ನೇ. ಚಂಡೆ ಶುರುವಾದದ್ದು ಕೇಳಿದರೆ ಆಯಿ ಒಳಗಿನ ಕೆಲಸ ಬಿಟ್ಟು ಬಂದು ಅಪ್ಪನ ಕುರ್ಚಿಯ ಪಕ್ಕ ಕೂರುತ್ತಾಳೆ.