ಕಿವಿ ಕೇಳದ ರೋಗಿಗೆ ಸನ್ನೆ ಭಾಷೆಯ ದುಭಾಷಿ: ಆಸ್ಪತ್ರೆಗಳು ಮಾಡಬೇಕಾದ ಏರ್ಪಾಡು

ಮೈಸೂರು, ಮಂಡ್ಯದ ಆಸ್ಪತ್ರೆಗಳಿಗೆ ಕಿವಿ ಕೇಳದವರು ಬಂದರೆ ವೈದ್ಯರು ರೋಗಿಯನ್ನು ಬಿಟ್ಟು ಜೊತೆಗೆ ಬಂದವರೊಡನೆ ಮಾತನಾಡುವುದನ್ನು ಈಗಲೂ ಕಾಣುತ್ತೇವೆ. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳೂ ಅಡೆತಡೆಯಿಲ್ಲದಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 25ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 2ನೇ ಕಲಂ ಸಂವಹನದ ತೊಡಕನ್ನೂ ಅಡೆತಡೆಯೆಂದೇ ಎಣಿಸಿ, ಸನ್ನೆ ಭಾಷೆಯನ್ನು ಸಂವಹನದ ವಿಧಾನಗಳಲ್ಲಿ ಸೇರಿಸಿದೆ. ಆದ್ದರಿಂದ ರ‍್ಯಾಂಪ್ ಕಟ್ಟಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಯಾವ ಆಸ್ಪತ್ರೆಯೂ ತಿಳಿಯಬಾರದು.

ಏರ್ಪಾಡು ನೋಂದಣಿ ಕೌಂಟರಿನಲ್ಲೇ ಆರಂಭವಾಗಲಿ. ಸನ್ನೆ, ಬರಹ, ತುಟಿಚಲನೆ ಇವುಗಳಲ್ಲಿ ಯಾವುದು ಅನುಕೂಲವೆಂದು ರೋಗಿಯನ್ನೇ ಕೇಳಿ, ಕೇಸ್ ಶೀಟಿನ ಮೇಲ್ಭಾಗದಲ್ಲಿ ಬರೆದಿಡಬೇಕು. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಬರಹದ ಕನ್ನಡ ಎರಡನೆಯ ಭಾಷೆಯಾಗಿರುವುದರಿಂದ, ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕೆಂಬುದು ಸರಿಯಲ್ಲ.

ದುಭಾಷಿಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ದುಭಾಷಿಗಳಿಗಾಗಿ ಡಿಪ್ಲೊಮಾ ನಡೆಸುತ್ತದೆ; ಅಂಥ ತರಬೇತಿ ಪಡೆದವರು ಹತ್ತಿರದಲ್ಲಿದ್ದಾರೆಯೇ ಎಂದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಕಿವುಡ ಮಕ್ಕಳ ಶಾಲೆಗಳಲ್ಲಿ, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ರಾತ್ರಿಯ ತುರ್ತಿಗೆ ವಿಡಿಯೊ ಕರೆಯಲ್ಲಿ ಸಿಗುವವರೂ ಪಟ್ಟಿಯಲ್ಲಿರಲಿ. ಈ ವೆಚ್ಚವನ್ನು ರೋಗಿಯ ಬಿಲ್ಲಿಗೆ ಹಾಕಬಾರದು.

ಮನೆಯವರೇ ಇದ್ದಾರಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಅವರು ರೋಗಿಗೆ ನೋವಾದೀತೆಂದು ಅರ್ಧ ಮುಚ್ಚಿಡುತ್ತಾರೆ, ವೈದ್ಯಕೀಯ ಪದಗಳು ಗೊತ್ತಿಲ್ಲದೆ ಇನ್ನರ್ಧ ಬಿಡುತ್ತಾರೆ. ತಾಯಿಯ ಗರ್ಭಕೋಶದ ಶಸ್ತ್ರಚಿಕಿತ್ಸೆಯನ್ನು ಶಾಲೆಗೆ ಹೋಗುವ ಮಗನಿಂದ ಹೇಳಿಸುವುದು ಇಬ್ಬರಿಗೂ ಹಿಂಸೆ. ಗಂಡನಿಂದ ಏಟು ತಿಂದ ಹೆಂಗಸು ಆ ಗಂಡನ ಮೂಲಕವೇ ನಿಜವನ್ನು ಹೇಳಲು ಹೇಗೆ ಸಾಧ್ಯ?

ತಪಾಸಣೆಯ ವೇಳೆ ದುಭಾಷಿ ವೈದ್ಯರ ಪಕ್ಕದಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತರೆ ರೋಗಿಗೆ ಇಬ್ಬರೂ ಕಾಣುತ್ತಾರೆ. ವೈದ್ಯರು ರೋಗಿಯನ್ನೇ ನೋಡುತ್ತಾ ಮಾತನಾಡಬೇಕು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಪಡೆಯುವ ಮುನ್ನ, ತಿಳಿದುಕೊಂಡದ್ದನ್ನು ಸನ್ನೆಯಲ್ಲಿ ಹೇಳುವಂತೆ ರೋಗಿಯನ್ನು ಕೇಳಿ. ಬರಿಯ ತಲೆಯಾಡಿಸುವಿಕೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಡಿ. ಒಳರೋಗಿಗೆ ಡ್ರಿಪ್ ಹಾಕುವಾಗ, ಸಾಧ್ಯವಾದಷ್ಟೂ ಅವರು ಸನ್ನೆಗೆ ಹೆಚ್ಚು ಬಳಸುವ ಕೈಯನ್ನು ಬಿಟ್ಟುಬಿಡಿ, ಏಕೆಂದರೆ ಆ ಕೈಯನ್ನು ಕಟ್ಟಿದರೆ ಅವರ ಮಾತನ್ನೇ ಕಟ್ಟಿದಂತಾಗುತ್ತದೆ. ಬಿಡುಗಡೆಯ ದಿನ ಔಷಧಿಯ ವಿವರಕ್ಕೂ ದುಭಾಷಿಯನ್ನು ಕರೆಸಿ, ಮುಂದಿನ ಭೇಟಿಯನ್ನು ಫೋನ್ ಕರೆಯ ಬದಲು ವಾಟ್ಸಾಪ್ ಸಂದೇಶದಲ್ಲಿ ತಿಳಿಸಿ.

ಏರ್ಪಾಡು ನಿರಾಕರಿಸಿದ ಆಸ್ಪತ್ರೆಯ ಆಡಳಿತಕ್ಕೆ ರೋಗಿ ಲಿಖಿತ ದೂರು ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರನ್ನು ಕಳುಹಿಸಬಹುದು.