ಭಾವನ ಅಂಗಡಿಯ ಮೇಲ್ ಸ್ಪ್ಯಾಮಿನಿಂದ ಹೊರಗೆ ಬಂದದ್ದು

ಮಾಟುಂಗಾದಲ್ಲಿ ನಮ್ಮ ಭಾವನದು ಹಪ್ಪಳ, ಚಟ್ನಿಪುಡಿಯ ಅಂಗಡಿ. ಚೌತಿಗೆ ಮುಂಚೆ ಹಳೆ ಗಿರಾಕಿಗಳಿಗೆಲ್ಲ ಆಫರಿನ ಮೇಲ್ ಕಳಿಸಿದರು. ಒಂದು ಆರ್ಡರೂ ಇಲ್ಲ. "ಎಂತ ಮಾರಾಯ, ಮೇಲ್ ಯಾರೂ ಓದುವುದಿಲ್ವಾ?" ಎಂದು ಫೋನ್ ಮಾಡಿದರು. ನನ್ನ ಜಿಮೇಲ್ ತೆರೆದು ನೋಡಿದೆ. ಸ್ಪ್ಯಾಮಿನಲ್ಲಿ ಬಿದ್ದಿತ್ತು.

ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಎಂಬ ಪಟ್ಟಿ), ಡಿಕಿಮ್ (ಮೇಲಿಗೆ ಬೀಳುವ ಡಿಜಿಟಲ್ ಸಹಿ), ಡಿಮಾರ್ಕ್ (ಎರಡರಲ್ಲೂ ನಮ್ಮದೆಂದು ಸಾಬೀತಾಗದ ಮೇಲನ್ನು ಏನು ಮಾಡಬೇಕು ಎಂಬ ಸೂಚನೆ) ಮೂರೂ ಬೇಕು ಎಂದು ಜಿಮೇಲ್ 2024ರ ಫೆಬ್ರವರಿಯಿಂದ ಹೇಳುತ್ತಿದೆ. ನಮ್ಮದು ಅಷ್ಟೆಲ್ಲ ಇಲ್ಲ. ಆದರೂ ಮೂರನ್ನೂ ಮಾಡಿಬಿಡೋಣ ಎಂದು ಭಾನುವಾರ ಡೊಂಬಿವಲಿಯಿಂದ ಲೋಕಲ್ ಹತ್ತಿದೆ.

ಮೊದಲ ಎಡವಟ್ಟು ನನ್ನದೇ. ಅಂಗಡಿಯ ಡೊಮೇನಿಗೆ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿಗೆ) ಆಗಲೇ ಒಂದು ಎಸ್‌ಪಿಎಫ್ ಸಾಲು ಇತ್ತು. ಅದನ್ನು ನೋಡದೆ, ಆಫರಿನ ಮೇಲ್‌ಗಳನ್ನು ನಮ್ಮ ಪರವಾಗಿ ಕಳಿಸುವ ಸೇವೆಯದ್ದು ಇನ್ನೊಂದು ಸೇರಿಸಿದೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್. ಎರಡಿದ್ದರೆ ಎರಡೂ ಕೆಟ್ಟವು ಎಂದೇ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮಾಮೂಲಿ ಬಿಲ್ ಮೇಲ್‌ಗಳೂ ಎಸ್‌ಪಿಎಫ್‌ನಲ್ಲಿ ಫೇಲ್! ತಮಾಷೆ ಅಂದರೆ ಆ ಎರಡನೇ ಸಾಲು ಬೇಕಾಗಿಯೇ ಇರಲಿಲ್ಲ. ಎಸ್‌ಪಿಎಫ್ ನೋಡುವುದು ನಮಗೆ ಕಾಣುವ 'ಫ್ರಮ್' ವಿಳಾಸವನ್ನಲ್ಲ, ಮೇಲ್ ಬೌನ್ಸ್ ಆದರೆ ವಾಪಸ್ ಹೋಗುವ ವಿಳಾಸವನ್ನು. ಆ ವಿಳಾಸ ಆ ಸೇವೆಯವರದ್ದೇ ಆಗಿತ್ತು. ಸೇರಿಸಿದ್ದನ್ನು ತೆಗೆದೆ.

ಹಾಗಾಗಿ ಮೇಲ್ ನಮ್ಮದು ಎಂದು ತೋರಿಸಲು ಉಳಿದದ್ದು ಡಿಕಿಮ್ ಸಹಿ ಮಾತ್ರ. ಆ ಸೇವೆಯವರು ಕೊಟ್ಟ ಎರಡು ಸಿನೇಮ್ ಸಾಲುಗಳನ್ನು (ಒಂದು ಹೆಸರನ್ನು ಇನ್ನೊಂದು ಹೆಸರಿನ ಕಡೆಗೆ ತೋರಿಸುವ ಸಾಲುಗಳು) ಹಾಕಿದೆ. ಗಂಟೆ ಎರಡಾದರೂ 'ಸಿಕ್ಕಿಲ್ಲ' ಎಂದೇ ಬರುತ್ತಿತ್ತು. ಹೋಸ್ಟ್ ಎಂಬ ಡಬ್ಬಿಯಲ್ಲಿ ನಾನು ಹೆಸರನ್ನು ಪೂರ್ತಿ ಅಂಟಿಸಿದ್ದೆ. ಡೊಮೇನಿನ ಸೆಟ್ಟಿಂಗ್ ಪ್ಯಾನೆಲ್ ತಾನಾಗಿ ಕೊನೆಗೆ ಡೊಮೇನ್ ಸೇರಿಸುತ್ತದೆ. ಅಂಗಡಿಯ ಹೆಸರು ಸಾಲಿನಲ್ಲಿ ಎರಡೆರಡು ಸಲ! ಒಂದನ್ನು ಅಳಿಸಿದೆ, ಚಹಾ ಮುಗಿಯುವುದರೊಳಗೆ ಹಸಿರು ಟಿಕ್ ಬಂತು.

ಡಿಮಾರ್ಕ್‌ಗೆ ಸದ್ಯ 'ನನ್' ಇಟ್ಟೆ. ಅಂದರೆ ಯಾವ ಮೇಲನ್ನೂ ತಡೆಯಬೇಡಿ, ವರದಿ ಮಾತ್ರ ಕಳಿಸಿ ಎಂದು. ಒಂದೇ ಸಲಕ್ಕೆ 'ರಿಜೆಕ್ಟ್' (ಫೇಲ್ ಆದದ್ದನ್ನು ತೆಗೆದುಕೊಳ್ಳಲೇಬೇಡಿ) ಹಾಕಿದ್ದರೆ ಕೆಲಸ ಕೆಡುತ್ತಿತ್ತು. ಯಾಕೆಂದರೆ ಎರಡು ವಾರದ ವರದಿಯಲ್ಲಿ ನಮ್ಮ ಹೆಸರಿನಲ್ಲಿ ಕಳಿಸುವ ಇನ್ನೊಂದು ಸರ್ವರ್ ಕಂಡಿತು. ಕಳ್ಳನೇ ಸಿಕ್ಕ ಅಂದುಕೊಂಡೆ. ನೋಡಿದರೆ ವೆಬ್‌ಸೈಟಿನ ಆರ್ಡರ್ ಫಾರ್ಮ್! ಅದಕ್ಕೂ ಡಿಕಿಮ್ ಮಾಡಿದ ಮೇಲೆ 'ಕ್ವಾರಂಟೀನ್' (ಫೇಲ್ ಆದದ್ದನ್ನು ಸ್ಪ್ಯಾಮಿಗೆ ಹಾಕಿ) ಹಾಕಿದೆ.

ದೀಪಾವಳಿ ಮೇಲ್ ಇನ್‌ಬಾಕ್ಸಿಗೇ ಬಂತು. ಜಿಮೇಲಿನಲ್ಲಿ 'ಶೋ ಒರಿಜಿನಲ್' ಒತ್ತಿ ಮೂರೂ ಪಾಸ್ ಆಗಿದ್ದನ್ನು ಭಾವನಿಗೆ ತೋರಿಸಿದೆ. "ಅದಿರಲಿ, ಆರ್ಡರ್ ಎಷ್ಟು ಬಂತು ನೋಡು" ಎಂದರು.